ರೂಪದರ್ಶಿಯೂ ಛಾಯಾಚಿತ್ರಕಾರನೂ

ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಬೀದಿಗಳಲ್ಲಿ ಯುಗಾದಿಯ ಮುಂಚೆಯೋ ದೀಪಾವಳಿಯ ಮುಂಚೆಯೋ ಬಟ್ಟೆಯಂಗಡಿಯವರೂ ಚಿನ್ನದಂಗಡಿಯವರೂ ಕಟ್ಟಿಸುವ ಬ್ಯಾನರುಗಳನ್ನು ಕೆಲವು ವರ್ಷಗಳಿಂದ ಗಮನಿಸುತ್ತ ಬಂದವರಿಗೆ, ಮುಂಬಯಿಯ ತಾರೆಯರ ಮುಖಗಳನ್ನು ಎಲ್ಲಿಂದಲೋ ತಂದು ಅಂಟಿಸುತ್ತಿದ್ದ ಸ್ಥಾನದಲ್ಲಿ ಈಗ ಆಗೊಮ್ಮೆ ಈಗೊಮ್ಮೆ ನಮ್ಮ ಕಡೆಯದೇ ಮುಖವೊಂದು, ಬಿಸಿಲಿಗೆ ಮಾಗಿದ ಮೈಬಣ್ಣದ, ಬಹುಶಃ ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಮುಖವೊಂದು ಕಾಣಸಿಗುವುದುಂಟು. ಈ ಬದಲಾವಣೆಯನ್ನು ಕಂಡು ನನಗೆ ಸಂತೋಷವೇ ಆಗಿದೆ. ಆದರೆ ಅದರ ಬೆನ್ನಿಗೆ, ರೂಪದರ್ಶಿಯಾಗಬೇಕೆಂಬ ಹಂಬಲವುಳ್ಳ ತರುಣ ತರುಣಿಯರ ಸಂಖ್ಯೆಯೂ ಬೆಳೆದಿದ್ದು, ಅವರು ಮೊದಲು ಕೇಳುವ ಪ್ರಶ್ನೆ ಕ್ಯಾಮೆರಾದ ಮುಂದೆ ಹೇಗೆ ನಿಲ್ಲಬೇಕು, ಎಷ್ಟು ನಗಬೇಕು ಎಂಬುದಾಗಿರುತ್ತದೆ. ನಿಲುವಿನ ವಿಚಾರವನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಬರತಕ್ಕ ಪ್ರಶ್ನೆಯೊಂದಿದೆ: ಚಿತ್ರ ತೆಗೆಯುವವನೊಡನೆ ಏನೇನು ಮಾತಾಗಿದೆ, ಆ ಮಾತು ಎಲ್ಲಿ ಬರೆದಿದೆ?

ಇದು ಇಂದು ಹುಟ್ಟಿದ ಪ್ರಶ್ನೆಯಲ್ಲ. ನಮ್ಮ ಈ ಮೂರೂ ಊರುಗಳು ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ ಎಂಬ ಪ್ರಖ್ಯಾತ ಛಾಯಾಚಿತ್ರಕಾರನಿದ್ದನು. 1844ರಲ್ಲಿ ಜನಿಸಿ 1905ರಲ್ಲಿ ತೀರಿಕೊಂಡ ಈತನಿಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನನು ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನಿತ್ತಿದ್ದನು. ದರ್ಬಾರು, ಬೇಟೆ, ಸೈನ್ಯದ ಕವಾಯತು, ಅರಮನೆಯ ಒಳಾಂಗಣ, ಹೀಗೆ ಅವನ ಕ್ಯಾಮೆರಾ ಹೊಗದ ಸ್ಥಳವಿರಲಿಲ್ಲವೆನ್ನಬಹುದು. ಆದರೆ ಪರದೆಯ ಹಿಂದಿನ ಸ್ತ್ರೀಯರ ಚಿತ್ರವನ್ನು ಪರಪುರುಷನು ತೆಗೆಯುವುದು ಆ ಕಾಲದ ಮರ್ಯಾದೆಗೆ ಒಪ್ಪದ ಮಾತಾಗಿದ್ದುದರಿಂದ, 1892ರಲ್ಲಿ ಅವನು ಹೈದರಾಬಾದಿನಲ್ಲಿಯೇ ಒಂದು ಜನಾನಾ ಸ್ಟುಡಿಯೊವನ್ನು ತೆರೆದು, ಸುತ್ತಲೂ ಎತ್ತರದ ಗೋಡೆಯನ್ನೆಬ್ಬಿಸಿ, ಅದರ ಆಡಳಿತವನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯ ಕೈಗೆ ಒಪ್ಪಿಸಿದನು. ಪರದೆಯ ಪದ್ಧತಿಯನ್ನು ಹೊಗಳುವುದಕ್ಕಾಗಿ ನಾನು ಈ ಸಂಗತಿಯನ್ನು ಎತ್ತುತ್ತಿಲ್ಲ. ಆ ಏರ್ಪಾಡಿನಲ್ಲಿ ನನಗೆ ಮೆಚ್ಚಿಕೆಯಾದುದು ಅದರ ಕ್ರಮ. ಕ್ಯಾಮೆರಾದ ಹಿಂದೆ ಯಾರಿರಬೇಕು, ಬಾಗಿಲಲ್ಲಿ ಯಾರು ನಿಲ್ಲಬೇಕು, ಒಳಗೆ ಬಂದವರನ್ನು ಯಾರು ನೋಡಬಹುದು ಎಂಬಿವೆಲ್ಲವೂ ಮೊದಲು ನಿಶ್ಚಯವಾಗಿ, ಕುಳಿತುಕೊಳ್ಳುವವಳಿಗೆ ತಿಳಿದಿದ್ದು, ಚಿತ್ರ ತೆಗೆಯುವ ಕೆಲಸವು ಆಮೇಲೆ ಬರುತ್ತಿದ್ದಿತು. ನೂರಮೂವತ್ತು ವರ್ಷಗಳ ತರುವಾಯ ನಮ್ಮ ಹುಡುಗಿಯರು, ಹುಡುಗರು ಕೂಡ, ಮೊದಲು ಚಿತ್ರ ತೆಗೆಸಿಕೊಂಡು, ಅದು ಎಲ್ಲೆಲ್ಲಿಗೆ ಹೋಯಿತೆಂಬ ಚಿಂತೆಯನ್ನು ಆಮೇಲೆ ಹಚ್ಚಿಕೊಳ್ಳುತ್ತಾರೆ.

ಹೀಗಾಗುವುದಕ್ಕೆ ನಮ್ಮ ಊರುಗಳಲ್ಲಿ ವಿಶೇಷವಾದ ಕಾರಣವೊಂದಿದೆ, ಅದು ಪರಿಚಯ. ಬೆಂಗಳೂರಿನಲ್ಲಿ ರೂಪದರ್ಶಿಯೂ ಛಾಯಾಚಿತ್ರಕಾರನೂ ಅಪರಿಚಿತರಾಗಿ ಭೇಟಿಯಾಗುತ್ತಾರಾದ್ದರಿಂದ ಅಲ್ಲಿ ಷರತ್ತುಗಳ ಮಾತು ಸಂಕೋಚವಿಲ್ಲದೆ ಬರುತ್ತದೆ. ಸುರಪುರದಲ್ಲಿಯೋ ಶಹಾಪುರದಲ್ಲಿಯೋ ಕ್ಯಾಮೆರಾ ಹಿಡಿದವನು ಅಕ್ಕನ ಮದುವೆಯ ಆಲ್ಬಮ್ಮನ್ನು ಮಾಡಿಕೊಟ್ಟವನು, ತಮ್ಮನ ಶಾಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆದವನು, ತಂದೆಯೊಡನೆ ಒಂದೇ ಚಹಾದಂಗಡಿಯಲ್ಲಿ ಕೂರತಕ್ಕವನು. ಅಂಥವನ ಮುಂದೆ ಕಾಗದವನ್ನು ಚಾಚುವುದು ಅವಮಾನ ಮಾಡಿದಂತೆ ಎಂದು ನಮ್ಮವರು ಭಾವಿಸುತ್ತಾರೆ. ನನಗೆ ಪರಿಚಯವಿರುವ ಹುಡುಗಿಯೊಬ್ಬಳು ಯಾದಗಿರಿಯ ಸ್ಟುಡಿಯೊ ಒಂದರಲ್ಲಿ ಆಡಿದ ಮಾತನ್ನು ನಾನು ಅಲ್ಲಿಯೇ ಕುಳಿತು ಕೇಳಿದೆನು. ಅದನ್ನು ಆಕೆಯ ನುಡಿಯಲ್ಲಿಯೇ ಬರೆಯುತ್ತೇನೆ.

“ಕಾಕಾ, ಈ ಫೋಟೊ ಎಲ್ಲೆಲ್ಲಿ ಹಾಕೋರಿದ್ದೀರಿ?”

“ಎಲ್ಲಿ ಹಾಕ್ತೀನವ್ವಾ, ನಮ್ಮ ಅಂಗಡಿ ಮುಂದ ಹಾಕ್ತೀನಿ. ನೀ ಏನ್ ಹೊರಗಿನಾಕಿ ಏನು?”

“ಅಂಗಡಿ ಮುಂದ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಬ್ಯಾರೆಯವ್ರಿಗಿ ಕೊಡೋದಿದ್ರ ನನಗೊಂದು ಮಾತ ಕೇಳ್ರಿ. ಇಷ್ಟ ಒಂದು ಹಾಳ್ಯಾಗ ಬರ್ದು ಕೊಡ್ರಿ.”

“ಹಾಳಿ ಯಾಕ? ನನ್ನ ಮ್ಯಾಲ ನಂಬಿಕಿ ಇಲ್ಲೇನು?”

“ನಂಬಿಕಿ ಅದರಿ ಕಾಕಾ, ಅದಕ್ಕೇ ನಿಮ್ಮಲ್ಲಿಗಿ ಬಂದೀನಿ. ಮುಂದ ಇಬ್ರಿಗೂ ಮರ್ತು ಹೋಗ್ತದ ಅಂತ ಬರೀರಿ ಅಂದೆ.”

ಕಾಕಾ ನಕ್ಕು, ಬಿಲ್ಲಿನ ಪುಸ್ತಕವನ್ನು ಹುಡುಕಿ, ಅದರ ಬೆನ್ನಿನ ಮೇಲೆ ನಾಲ್ಕು ಸಾಲು ಗೀಚಿ ಸಹಿ ಹಾಕಿದರು. ವಿಶ್ವಾಸಕ್ಕೆ ಕುಂದು ಬಂದಂತೆ ನನಗೆ ಕಾಣಲಿಲ್ಲ. ಬಂಧುತ್ವದ ಸಂಬೋಧನೆಯನ್ನು ಬಿಡದೆ, ದನಿಯನ್ನೇರಿಸದೆ, ಕೇಳಬೇಕಾದುದನ್ನು ಕೇಳುವ ಈ ಜಾಣ್ಮೆಯು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಂತೆಯಲ್ಲಿ ಜೋಳದ ದರ ಕೇಳುವಾಗ ಸಹಜವಾಗಿಯೇ ಬರುತ್ತದೆ. ತಮ್ಮ ಮುಖದ ವಿಚಾರದಲ್ಲಿ ಮಾತ್ರ ಅದೇಕೆ ಬಾಯಿ ಕಟ್ಟುವುದೋ ನನಗೆ ಅರ್ಥವಾಗದು.

ಕಾಗದವೇಕೆ ಬೇಕೆಂಬುದಕ್ಕೆ ಕಾನೂನು ಕೊಡುವ ಕಾರಣವು ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃವು ಅದನ್ನು ತೆಗೆದವನು. ಚಿತ್ರದಲ್ಲಿರುವವರಿಗೆ, ಅದು ತಮ್ಮದೇ ಮುಖವಾದರೂ, ಕರ್ತೃತ್ವದಲ್ಲಿ ಪಾಲಿಲ್ಲ. ಆದರೆ ಇದಕ್ಕೊಂದು ಅಪವಾದವನ್ನು ಆ ಅಧಿನಿಯಮದ 17ನೆಯ ಕಲಮಿನಲ್ಲಿಯೇ ಇರಿಸಿದ್ದಾರೆ: ಒಬ್ಬರು ಹೇಳಿ ಮಾಡಿಸಿ, ಅದಕ್ಕೆ ಪ್ರತಿಫಲವನ್ನೂ ಕೊಟ್ಟು ತೆಗೆಸಿದ ಚಿತ್ರದ ಮೊದಲ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಾಗೆ ತೆಗೆಸಿದವರದೇ ಆಗುತ್ತದೆ. ಆದುದರಿಂದ ನೀವು ನಿಮ್ಮ ಹಣದಿಂದ ಪೋರ್ಟ್‌ಫೋಲಿಯೊ ಮಾಡಿಸಿಕೊಂಡಿದ್ದರೆ ಆ ಚಿತ್ರಗಳು ನಿಮ್ಮವು. ರಸೀದಿಯನ್ನು ಜೋಪಾನವಾಗಿಡಿ, ಸಾಕ್ಷಿ ಅದೇ. ಛಾಯಾಚಿತ್ರಕಾರನು ತನ್ನ ಕೈಗುಣವನ್ನು ತೋರಿಸಿಕೊಳ್ಳಲು, ನೀವು ನಿಮ್ಮ ಮುಖವನ್ನು ತೋರಿಸಿಕೊಳ್ಳಲು, ಹಣವಿಲ್ಲದೆ ಇಬ್ಬರೂ ಕೂಡಿ ಮಾಡಿದ ಕೆಲಸವಾಗಿದ್ದರೆ, ಬರಹವಿಲ್ಲದ ಪಕ್ಷದಲ್ಲಿ ಸ್ವಾಮ್ಯವು ಅವನದಾಗಿಯೇ ಉಳಿಯುವುದು. ಇನ್ನು ಬಟ್ಟೆಯಂಗಡಿಯವರು ಹಣ ಕೊಟ್ಟು ಮಾಡಿಸಿದ್ದರೆ ಸ್ವಾಮ್ಯವು ಅಂಗಡಿಯದು. ನಿಮಗೂ ಇಲ್ಲ, ಕ್ಯಾಮೆರಾ ಹಿಡಿದವನಿಗೂ ಇಲ್ಲ. ಈ ಹಕ್ಕಿನ ಆಯುಷ್ಯವೂ ಅಲ್ಪವಲ್ಲ: 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಮುಗಿದು 60 ವರ್ಷ ಬಾಳುತ್ತದೆ.

ಸ್ವಾಮ್ಯವು ಇನ್ನೊಬ್ಬರದಾದರೂ ನಿಮ್ಮ ಮುಖವನ್ನು ಅವರು ಮನಬಂದಂತೆ ಬಳಸಬಹುದೆಂದು ಅರ್ಥವಲ್ಲ. 1994ರಲ್ಲಿ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಬ್ಬ ವ್ಯಕ್ತಿಯ ಹೆಸರನ್ನಾಗಲಿ ರೂಪವನ್ನಾಗಲಿ ಅವನ ಸಮ್ಮತಿಯಿಲ್ಲದೆ ಜಾಹೀರಾತಿಗೆ ಬಳಸುವುದು ಅವನ ಖಾಸಗಿತನದ ಉಲ್ಲಂಘನೆಯೆಂದು ಹೇಳಿದೆ. ಹಾಗಾದರೆ ಸಮ್ಮತಿಯೇ ಇಲ್ಲಿ ಮುಖ್ಯವಾದ ಪದಾರ್ಥ. ಅಂಗಡಿಯವರು ಚಾಚುವ ಸಮ್ಮತಿಪತ್ರವನ್ನು ಓದದೆ ಸಹಿ ಹಾಕಿದವರು ಆ ಪದಾರ್ಥವನ್ನು ಪೂರ್ತಿಯಾಗಿ ಕೊಟ್ಟುಬಿಟ್ಟಿರುತ್ತಾರೆ. ‘ಯಾವುದೇ ಉದ್ದೇಶಕ್ಕೆ, ಯಾವುದೇ ಮಾಧ್ಯಮದಲ್ಲಿ, ಶಾಶ್ವತವಾಗಿ’ ಎಂಬ ಮೂರು ಮಾತುಗಳು ಒಂದೇ ಸಾಲಿನಲ್ಲಿ ಬಂದರೆ ಅಲ್ಲಿ ಲೇಖನಿಯನ್ನು ಕೆಳಗಿಡಬೇಕು. ಸೀರೆಯಂಗಡಿಗೆ ನಿಂತ ಚಿತ್ರವು ಮುಂದೊಂದು ದಿನ ಗುಟ್ಕಾದ ಪೊಟ್ಟಣದ ಪಕ್ಕದಲ್ಲಿಯೋ ಚುನಾವಣೆಯ ಬ್ಯಾನರಿನಲ್ಲಿಯೋ ಕಾಣಿಸಿಕೊಳ್ಳುವುದು ಇಂತಹ ಸಾಲಿನ ಕೃಪೆಯಿಂದಲೇ. ಯಾವ ಅಂಗಡಿಗೆ, ಯಾವ ಹಬ್ಬಕ್ಕೆ, ಬ್ಯಾನರಿಗೋ ಪತ್ರಿಕೆಗೋ ಇನ್‌ಸ್ಟಾಗ್ರಾಮಿಗೋ, ಎಷ್ಟು ತಿಂಗಳು, ಎಷ್ಟು ಹಣ, ಅದು ಯಾವ ದಿನಾಂಕದೊಳಗೆ ಎಂಬಿಷ್ಟನ್ನು ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ಬರೆದರೆ ಧಾರಾಳವಾಯಿತು. ಈಚೆಗೆ ಇನ್ನೊಂದು ಸಾಲನ್ನೂ ಸೇರಿಸುವುದು ಅಗತ್ಯವಾಗಿದೆ: ಮುಖವನ್ನು ಬೇರೆ ದೇಹಕ್ಕೆ ಜೋಡಿಸಬಾರದು, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಉಣಿಸಿ ಹೊಸ ಚಿತ್ರಗಳನ್ನು ಹುಟ್ಟಿಸಬಾರದು. ಕೃತಿಸ್ವಾಮ್ಯವನ್ನೇ ಒಬ್ಬರಿಂದ ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಸಹಿಯಾದ ಬರಹದಲ್ಲಿಯೇ ಆಗತಕ್ಕದ್ದು; ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ 19ನೆಯ ಕಲಮು ಊಹಿಸಿಕೊಳ್ಳುತ್ತದೆ. ಹಾಳೆ ಸಿಗದ ಸಂದರ್ಭದಲ್ಲಿ ಆಡಿದ ಮಾತನ್ನೆಲ್ಲ ಒಂದು ವಾಟ್ಸಾಪ್ ಸಂದೇಶವಾಗಿ ಬರೆದು ಕಳಿಸಿ, ‘ಒಪ್ಪಿದೆ’ ಎಂಬ ಉತ್ತರವನ್ನು ಪಡೆದಿಟ್ಟುಕೊಂಡರೂ ಬರಿಯ ಬಾಯಿಮಾತಿಗಿಂತ ಎಷ್ಟೋ ಮೇಲು.

ಹದಿನೆಂಟು ತುಂಬದವರ ವಿಚಾರವೇ ಬೇರೆ. ಪಿಯುಸಿ ಓದುತ್ತಿರುವ ಹುಡುಗಿಯ ಸಹಿಗೆ 1872ರ ಕರಾರು ಅಧಿನಿಯಮದಲ್ಲಿ ಬೆಲೆಯಿಲ್ಲ. ಅಂಥವರ ಪರವಾಗಿ ತಂದೆತಾಯಿಗಳೇ ಮಾತನಾಡಬೇಕು, ತಂದೆತಾಯಿಗಳೇ ಸಹಿ ಮಾಡಬೇಕು, ಚಿತ್ರ ತೆಗೆಯುವ ಹೊತ್ತಿನಲ್ಲಿ ಅವರಲ್ಲೊಬ್ಬರು ಕಣ್ಣಳತೆಯಲ್ಲಿ ಇರಬೇಕು. ‘ಮನೆಯವರಿಗೆ ಈಗಲೇ ಹೇಳಬೇಡ, ಆಮೇಲೆ ಖುಷಿಪಡಿಸೋಣ’ ಎನ್ನುವ ಛಾಯಾಚಿತ್ರಕಾರನು ಎಷ್ಟೇ ನಿಪುಣನಾಗಿರಲಿ, ಅವನ ಬಾಗಿಲನ್ನು ಎರಡನೆಯ ಬಾರಿ ತುಳಿಯಬಾರದು.

ವಯಸ್ಸಿಗೆ ಬಂದವರಿಗೂ ಜೊತೆಗೊಬ್ಬರು ಇರುವುದು ಒಳ್ಳೆಯದೇ; ವೃತ್ತಿವಂತನಾದ ಛಾಯಾಚಿತ್ರಕಾರನು ಇದಕ್ಕೆ ಎಂದೂ ಬೇಸರಿಸುವುದಿಲ್ಲ, ಬೇಸರಿಸಿದರೆ ಆ ಬೇಸರವೇ ಅವನ ಪರಿಚಯಪತ್ರ. ಯಾದಗಿರಿಯ ಕೋಟೆಯ ಬೆಟ್ಟಕ್ಕೋ ನಾರಾಯಣಪುರದ ಬಸವಸಾಗರದ ಕಡೆಗೋ ಬೋನಾಳ ಕೆರೆಯ ದಂಡೆಗೋ ಹೋಗುವುದಾದರೆ ಬಟ್ಟೆ ಬದಲಿಸುವುದೆಲ್ಲಿ, ನೀರೆಲ್ಲಿ, ಕತ್ತಲಾಗುವ ಮುನ್ನ ಹಿಂದಿರುಗುವುದು ಯಾವ ವಾಹನದಲ್ಲಿ ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು. ಬಂಡೆಯ ಮರೆಯನ್ನು ಬಟ್ಟೆ ಬದಲಿಸುವ ಕೋಣೆಯೆಂದು ಕರೆಯುವವರ ಮಾತಿಗೆ ಒಪ್ಪತಕ್ಕದ್ದಲ್ಲ. ಯಾವ ಉಡುಪು ಎಂಬುದು ಮೊದಲೇ ನಿಶ್ಚಯವಾಗಿದ್ದು, ಅಲ್ಲಿಗೆ ಹೋದಮೇಲೆ ‘ಇದೊಂದು ಸ್ವಲ್ಪ ಬೇರೆ ಥರ’ ಎಂಬ ರಾಗ ಹೊರಟರೆ ಬೇಡವೆನ್ನುವ ಅಧಿಕಾರ ನಿಮ್ಮದು. ಆ ದಿನದ ಕೆಲಸ ಅಲ್ಲಿಗೇ ನಿಂತರೂ ನಷ್ಟವಿಲ್ಲ. ಸಮ್ಮತಿಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರವನ್ನು ತೆಗೆಯುವುದೂ ಹರಡುವುದೂ, ಸ್ತ್ರೀಪುರುಷರೆಂಬ ಭೇದವಿಲ್ಲದೆ, ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಇ ಕಲಮಿನ ಕೆಳಗೆ ಮೂರು ವರ್ಷಗಳವರೆಗಿನ ಕಾರಾಗೃಹವಾಸಕ್ಕೆ ಗುರಿಯಾಗತಕ್ಕ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿ ಅರಿಯತಕ್ಕ ಸೂಕ್ಷ್ಮವೊಂದಿದೆ: ಮಹಿಳೆಯು ತನ್ನ ಖಾಸಗಿ ಚಿತ್ರವನ್ನು ತೆಗೆಯಲು ಒಪ್ಪಿದ್ದು, ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧವೇ ಆಗುತ್ತದೆ. ಒಂದಕ್ಕೆ ಒಪ್ಪಿದವಳು ಎಲ್ಲಕ್ಕೂ ಒಪ್ಪಿದಳೆಂಬ ಕುತರ್ಕಕ್ಕೆ ಅಲ್ಲಿ ಸ್ಥಳವಿಲ್ಲ. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಸ್ಟುಡಿಯೊ ಕೂಡ ಕೆಲಸದ ಸ್ಥಳವೇ. ಅಲ್ಲಿ ಮಹಿಳೆಗೆ ಲೈಂಗಿಕ ಕಿರುಕುಳವಾದರೆ 2013ರ ಅಧಿನಿಯಮದ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಇಲ್ಲಿ ಸ್ವಲ್ಪ ಹಾದಿ ಬಿಟ್ಟು ಹೋಗುವುದಕ್ಕೆ ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ಸುರಪುರದಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದು, ಇಂದಿಗೂ ತನ್ನ ಹೆಸರಿನ ಬಂಗಲೆಯೊಂದನ್ನು ಅಲ್ಲಿನ ಬೆಟ್ಟದ ಮೇಲೆ ಉಳಿಸಿಹೋಗಿರುವ ಮೆಡೋಸ್ ಟೇಲರನು, ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಹೊರಬಂದ ಛಾಯಾಚಿತ್ರಗಳ ಸಂಪುಟಕ್ಕೆ ವಿವರಣೆಯನ್ನು ಬರೆದವನು. ಆ ಕಾಲದ ಇಂತಹ ಚಿತ್ರಗಳಲ್ಲಿ ಕಂಬದ ಎತ್ತರವು ನೋಡುವವರಿಗೆ ತಿಳಿಯಲೆಂದು ಅದರ ಮಗ್ಗುಲಲ್ಲಿ ಊರಿನ ಯಾವನೋ ಒಬ್ಬನನ್ನು ನಿಲ್ಲಿಸುವ ರೂಢಿಯಿದ್ದಿತು. ಕಂಬದ ಹೆಸರು ಪುಟದ ಕೆಳಗೆ ಅಚ್ಚಾಗಿರುತ್ತಿದ್ದಿತು, ನಿಂತವನದು ಇರುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ನಮಗೆ ಸಮೀಪದಲ್ಲಿಯೇ ಇದೆ. ಶಹಾಪುರದಿಂದ ಬಹಳ ದೂರವಿಲ್ಲದ, ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಶಿಲಾಫಲಕವೊಂದರಲ್ಲಿ ರಾಣಿಯೊಡನೆ ನಿಂತ ರಾಜನ ಶಿಲ್ಪವಿದ್ದು, ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೊ’ ಎಂದು ಕೊರೆದಿದೆ. ಆ ಎರಡು ಪದಗಳಿಲ್ಲದಿದ್ದರೆ ಅಶೋಕನು ಅಲ್ಲಿ ಯಾವನೋ ಒಬ್ಬ ರಾಜನಾಗಿ ಉಳಿಯುತ್ತಿದ್ದನು. ಚಿತ್ರವು ಪ್ರಕಟವಾಗುವಾಗ ಅದರಡಿಯಲ್ಲಿ ಛಾಯಾಚಿತ್ರಕಾರನ ಹೆಸರಿನೊಡನೆ ನಿಮ್ಮ ಹೆಸರೂ ಇರಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೇಡವೆನ್ನುವ ಹಕ್ಕೂ ನಿಮ್ಮದೇ. ಊರಿನಲ್ಲಿ ಗುರುತು ಹತ್ತುವುದು ಬೇಡವೆನಿಸಿದವರು ಅದನ್ನೂ ಬರೆಸಿಕೊಳ್ಳಬಹುದು.

ಇನ್ನು ನಿಲುವಿನ ಮಾತು. ಅದರಲ್ಲಿ ಅರ್ಧಪಾಲು ಬೆಳಕಿನ ಮಾತು. ನಮ್ಮ ಸೀಮೆಯ ಬಿಸಿಲು ಬೇಸಗೆಯಲ್ಲಿ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವುದಲ್ಲದೆ, ಮಧ್ಯಾಹ್ನದಲ್ಲಿ ನೆತ್ತಿಯ ಮೇಲಿನಿಂದ ನೇರವಾಗಿ ಬಿದ್ದು, ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿಗಳನ್ನು ತೋಡಿ, ಮೂಗಿನ ನೆರಳನ್ನು ತುಟಿಯ ಮೇಲೆ ಇಳಿಸುತ್ತದೆ. ಅದೂ ಸಾಲದೆಂಬಂತೆ ನಮ್ಮ ಎರೆಭೂಮಿಯು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಬಹುಮಟ್ಟಿಗೆ ನುಂಗಿಬಿಡುತ್ತದಾದ್ದರಿಂದ, ಕೆಳಗಿನಿಂದ ಪುಟಿದು ಮುಖವನ್ನು ಮುಟ್ಟಬೇಕಾದ ಬೆಳಕು ಇಲ್ಲವಾಗಿ ಆ ಗುಳಿಗಳು ಇನ್ನಷ್ಟು ಆಳವಾಗುತ್ತವೆ. ಯಾದಗಿರಿ ಕೋಟೆಯ ತಿಳಿಬಣ್ಣದ ಬಂಡೆಗಳ ನಡುವೆ ನಿಂತಾಗ ಚಿತ್ರವು ಸೌಮ್ಯವಾಗಿಯೂ ಹತ್ತಿಯ ಹೊಲದಲ್ಲಿ ನಿಂತಾಗ ಕಠೋರವಾಗಿಯೂ ಬರುವುದಕ್ಕೆ ಕಾರಣವಿದು. ಹೊಲದಲ್ಲಿಯೇ ನಿಲ್ಲಬೇಕಾದರೆ, ಚಿತ್ರಕ್ಕೆ ಸಿಲುಕದಂತೆ ಕಾಲಬಳಿಯಲ್ಲಿ ಒಂದು ಬಿಳಿಯ ಧೋತರವನ್ನು ಹಾಸಿಸಿದರೆ ಕಣ್ಣುಗಳಿಗೆ ಜೀವ ಬರುತ್ತದೆ. ಸೂರ್ಯೋದಯವಾದ ಮೊದಲ ಗಂಟೆ, ಸೂರ್ಯಾಸ್ತದ ಕೊನೆಯ ಗಂಟೆ, ಇವೆರಡೇ ಬೇಸಗೆಯಲ್ಲಿ ಒದಗುವ ಸಮಯಗಳು; ಆದುದರಿಂದ ಬೆಳಗಿನ ಆರಕ್ಕೆ ಬನ್ನಿ ಎಂದು ಛಾಯಾಚಿತ್ರಕಾರನು ಕರೆದರೆ ಎಂಟಕ್ಕೆ ಹೋಗಿ ಅವನನ್ನು ಬಯ್ಯಬಾರದು.

ಎರಡನೆಯ ಸಂಗತಿ ಮೈಬಣ್ಣ. ಕ್ಯಾಮೆರಾದ ಸ್ವಯಂಚಾಲಿತ ಮಾಪಕವು ತನ್ನ ಮುಂದಿರುವ ದೃಶ್ಯವು ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ನಡುವಿನ ಬೂದುಬಣ್ಣದ್ದೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಸುಣ್ಣ ಬಳಿದ ಬಿಳಿಗೋಡೆಯ ಮುಂದೆ ನಿಂತ ಕೃಷ್ಣವರ್ಣದ ಮುಖವು ಹೀಗಾಗಿ ಇದ್ದುದಕ್ಕಿಂತ ಕಪ್ಪಾಗುತ್ತದೆ. ಮುಖಕ್ಕೆ ಸರಿಯಾಗಿ ಬೆಳಕನ್ನಳೆಯುವ ಶ್ರಮವನ್ನು ತಪ್ಪಿಸಿಕೊಂಡವನು ಆಮೇಲೆ ಕಂಪ್ಯೂಟರಿನಲ್ಲಿ ಅದಕ್ಕೆ ಬಿಳುಪನ್ನು ಮೆತ್ತುತ್ತಾನೆ. ನಮ್ಮ ಮದುವೆಯ ಆಲ್ಬಮ್ಮುಗಳಲ್ಲಿ ವಧೂವರರು ಬೇರಾವುದೋ ದೇಶದಿಂದ ಬಂದವರಂತೆ ಕಾಣುವುದು ಈ ಸೋಮಾರಿತನದ ಫಲ. ಮದುವೆಯ ಮನೆಯವರಿಗೆ ಅದು ಪ್ರಿಯವಾಗಿದ್ದೀತು. ರೂಪದರ್ಶಿಗೆ ಅದರಿಂದ ಹಾನಿಯೇ ಹೊರತು ಲಾಭವಿಲ್ಲ, ಏಕೆಂದರೆ ಕೆಲಸ ಕೊಡುವವರು ಚಿತ್ರವನ್ನು ನೋಡಿ ಕರೆಸಿ ಮನುಷ್ಯನನ್ನು ನೋಡಿ ತಿರುಗಿ ಕಳಿಸುತ್ತಾರೆ. ‘ನನ್ನ ಬಣ್ಣ ಇದ್ದಂಗೇ ಇರಲಿ’ ಎಂಬ ಮಾತನ್ನು ಕೆಲಸಕ್ಕೆ ಮೊದಲು ಸ್ಪಷ್ಟವಾಗಿ ಹೇಳಿರಬೇಕು. ಮೇಕಪ್ಪಿನಲ್ಲಿಯೂ ಹೀಗೆಯೇ: ಝಿಂಕ್ ಅಥವಾ ಟೈಟಾನಿಯಂ ಬೆರೆತ ಪೌಡರು, ಬಿಸಿಲಿಗೆ ಹಚ್ಚುವ ಕ್ರೀಮು, ಇವು ಕನ್ನಡಿಯಲ್ಲಿ ನೋಡುವಾಗ ಏನೂ ತೋರದೆ, ಫ್ಲ್ಯಾಶ್ ಬಿದ್ದೊಡನೆ ಬೂದಿ ಬಳಿದಂತೆ ಬೆಳ್ಳಗೆ ಹೊಳೆದು ಕುತ್ತಿಗೆಗೂ ಮುಖಕ್ಕೂ ಸಂಬಂಧವೇ ಇಲ್ಲದಂತೆ ಮಾಡಿಬಿಡುತ್ತವೆ.

ಮೊಬೈಲಿನ ವಿಶಾಲಕೋನದ ಲೆನ್ಸನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದಕ್ಕೆ ಸರಿಯುತ್ತವೆ. ಹುಡುಗರು ತಮ್ಮ ಮೂಗನ್ನು ಸುಮ್ಮನೆ ಹಳಿದುಕೊಳ್ಳುತ್ತಾರೆ. ದೋಷವು ದೂರದ್ದು, ಮೂಗಿನದಲ್ಲ. ಛಾಯಾಚಿತ್ರಕಾರನು ನಾಲ್ಕು ಹೆಜ್ಜೆ ಹಿಂದೆ ಸರಿದು 85 ಮಿಲಿಮೀಟರಿನಂತಹ ಉದ್ದನೆಯ ಲೆನ್ಸನ್ನು ಹಾಕಿದರೆ ಮುಖವು ಮುಖದಂತಿರುತ್ತದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಮುಂದೆ ಚಿತ್ರ ತೆಗೆಸಿಕೊಳ್ಳುವವರಿಗಂತೂ ಇದು ಅವಶ್ಯವಾಗಿ ತಿಳಿದಿರಬೇಕು. ಇಡಿಯ ಬೆಟ್ಟ ಬರಲೆಂದು ವಿಶಾಲಕೋನವನ್ನು ಬಳಸಿದರೆ ನೀವು ದೊಡ್ಡವರಾಗಿ ಬುದ್ಧನು ಹಿಂದೆ ಒಂದು ಗೀರಾಗುತ್ತಾನೆ. ಕ್ಯಾಮೆರಾ ನಿಮ್ಮಿಂದ ಬಹುದೂರ ಸರಿದು ಉದ್ದ ಲೆನ್ಸಿನಿಂದ ನೋಡಿದಾಗ ಮಾತ್ರ ಮಲಗಿದ ಆ ಆಕೃತಿಯ ಹಣೆ, ಮೂಗು, ಗದ್ದಗಳು ನಿಮ್ಮ ಬೆನ್ನಿಗೆ ಗಂಭೀರವಾಗಿ ಎದ್ದುಬರುತ್ತವೆ. ಅಷ್ಟು ದೂರದಿಂದ ಛಾಯಾಚಿತ್ರಕಾರನ ಮಾತು ನಿಮಗೆ ಕೇಳಿಸದಾದ್ದರಿಂದ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು.

ಉಡುಪಿನಲ್ಲಿ ಇಳಕಲ್ ಸೀರೆಯು ನಮ್ಮ ಕಡೆಯ ಸಹಜವಾದ ಆಯ್ಕೆ. ಅದರ ಕೆಂಪು ಬಿಳುಪಿನ ಸೆರಗು ಎಷ್ಟು ದೂರದಿಂದಲೂ ಕಣ್ಣನ್ನು ಸೆಳೆಯುತ್ತದೆ. ಆದರೆ ಒಡಲಿನಲ್ಲಿ ಅತಿ ಸಣ್ಣ ಚೌಕಳಿಯಿದ್ದರೆ ಕ್ಯಾಮೆರಾದ ಸಂವೇದಕದ ಜಾಲಕ್ಕೂ ಬಟ್ಟೆಯ ಜಾಲಕ್ಕೂ ತಿಕ್ಕಾಟವಾಗಿ, ಇಲ್ಲದ ಅಲೆಗಳು ಸೀರೆಯ ಮೇಲೆ ಓಡಾಡತೊಡಗುತ್ತವೆ. ಎರಡು ಸೀರೆಗಳನ್ನು ಒಯ್ದು, ಮೊದಲ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಯಾವುದೆಂದು ನಿಶ್ಚಯಿಸಬೇಕು. ಕೈಗಳು ಎಲ್ಲಕ್ಕಿಂತ ಕಷ್ಟ. ಮುಖವು ನಗುತ್ತಿರುವಾಗಲೂ ಕೈಗಳು ಹೆದರಿ ಮುಷ್ಟಿ ಕಟ್ಟಿರುತ್ತವೆ. ಅವಕ್ಕೊಂದು ಕೆಲಸ ಕೊಡಿ: ಸೆರಗಿನ ಅಂಚನ್ನು ಹಿಡಿಯಲಿ, ಬಳೆಯನ್ನು ಸರಿಸಲಿ. ಒಂದೇ ಕಾಲಿನ ಮೇಲೆ ಭಾರ ಹಾಕಿ, ಉಸಿರನ್ನು ಬಿಟ್ಟಮೇಲೆ, ಗದ್ದವನ್ನು ಎಳ್ಳಷ್ಟು ಮುಂದೆ ಚಾಚಿ ನಿಂತರೆ ಕುತ್ತಿಗೆ ಸ್ಪಷ್ಟವಾಗುವುದು. ಪ್ರತಿಯೊಂದು ಚಿತ್ರಕ್ಕೂ ಓಡಿಬಂದು ‘ತೋರಿಸ್ರಿ’ ಎನ್ನುವ ಅಭ್ಯಾಸ ಬೇಡ. ಹತ್ತಿಪ್ಪತ್ತು ಆದಮೇಲೆ ಒಮ್ಮೆ ನೋಡಿ, ತಿದ್ದಿಕೊಂಡು ಮುಂದುವರಿಯಬೇಕು.

ಛಾಯಾಚಿತ್ರಕಾರನ ಪಕ್ಷದಲ್ಲಿಯೂ ನಾಲ್ಕು ಮಾತು ಆಡದಿದ್ದರೆ ಅನ್ಯಾಯವಾದೀತು. ಸಾಲ ಮಾಡಿ ಕೊಂಡ ಕ್ಯಾಮೆರಾ, ಮದುವೆಯ ಕಾಲದಲ್ಲಿ ರಾತ್ರಿಯೆಲ್ಲ ನಿದ್ದೆಯಿಲ್ಲದ ದುಡಿತ, ಬಾಕಿ ಕೊಡದ ಬೀಗರು, ಇವುಗಳ ನಡುವೆ ಅವನು ನಿಮಗಾಗಿ ಬೆಳಗನ್ನು ಮೀಸಲಿಟ್ಟಿರುತ್ತಾನೆ. ರೂಪದರ್ಶಿಯು ಐದು ಮಂದಿ ಗೆಳತಿಯರನ್ನು ಕರೆತಂದು, ಅವರಲ್ಲೊಬ್ಬಳು ಹಿಂದೆ ನಿಂತು ತಾನೂ ಮೊಬೈಲಿನಲ್ಲಿ ಅದೇ ಚಿತ್ರವನ್ನು ತೆಗೆದು ಅವನಿಗಿಂತ ಮೊದಲೇ ಇನ್‌ಸ್ಟಾಗ್ರಾಮಿಗೆ ಏರಿಸಿದರೆ ಅವನಿಗೆ ನೋವಾಗದೆ ಇದ್ದೀತೆ? ಅವನು ತಿದ್ದಿಕೊಟ್ಟ ಚಿತ್ರಕ್ಕೆ ಫಿಲ್ಟರು ಹಾಕಿ, ಅವನ ಹೆಸರನ್ನು ಕತ್ತರಿಸಿ ಹರಡುವುದೂ ಇಂಥದೇ. ತೆಗೆದ ಚಿತ್ರಗಳನ್ನೆಲ್ಲ ಕೊಡಬೇಕೆಂದು ಹಟ ಹಿಡಿಯುವುದಕ್ಕಿಂತ, ತಿದ್ದಿದ ಚಿತ್ರಗಳು ಎಷ್ಟು, ಯಾವ ತಾರೀಖಿಗೆ ಎಂಬುದನ್ನು ಆ ಹಾಳೆಯಲ್ಲಿಯೇ ಸೇರಿಸುವುದು ಇಬ್ಬರಿಗೂ ಹಿತ. ಇದರಲ್ಲಿ ನಾನು ಕಂಡುಕೊಂಡ ಒಂದು ಉಪಾಯವುಂಟು. ವೈಶಾಖ, ಜ್ಯೇಷ್ಠಗಳಲ್ಲಿ ಅವನ ಕಾಲು ನೆಲದ ಮೇಲಿರುವುದಿಲ್ಲ. ಆಷಾಢ ಬಂದೊಡನೆ ಮದುವೆಗಳು ನಿಂತು ಸ್ಟುಡಿಯೊದಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಆಗ ಹೋಗಬೇಕು. ದರದಲ್ಲಿಯೂ ಇಳಿಯುತ್ತಾನೆ, ಮನಸ್ಸಿಟ್ಟೂ ಮಾಡುತ್ತಾನೆ. ಮೇಲಾಗಿ ಆ ತಿಂಗಳಿನ ಮೋಡವು ಆಕಾಶದಗಲ ಹರಡಿ ಬಿಸಿಲನ್ನು ಸೋಸಿ ಕೊಡುವುದರಿಂದ, ಬೇಸಗೆಯಲ್ಲಿ ದಿನಕ್ಕೆ ಎರಡು ಗಂಟೆ ಮಾತ್ರ ಸಿಗುತ್ತಿದ್ದ ಮೃದುವಾದ ಬೆಳಕು ಇಡಿಯ ದಿನ ದೊರೆಯುತ್ತದೆ.

ಕೆಲವರು ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ನೋಡುವ ಧೈರ್ಯವನ್ನು ಮಾಡುತ್ತಾರೆ. ಮಾಡಬೇಕಾದುದೇ. ಅಲ್ಲಿ ಮಾಡೆಲ್ಲುಗಳಿಗೆ ಕೆಲಸ ಕೊಡಿಸುವ ಏಜೆನ್ಸಿಯು, ಅದು ನಿಜವಾದುದಾಗಿದ್ದರೆ, ನಿಮಗೆ ಕೆಲಸ ಕೊಡಿಸಿ ಅದರ ಸಂಭಾವನೆಯಲ್ಲಿ ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ. ಹೆಸರು ನೋಂದಣಿಗೆ ಇಷ್ಟು, ತಾವು ಹೇಳಿದ ಸ್ಟುಡಿಯೊದಲ್ಲಿಯೇ ಪೋರ್ಟ್‌ಫೋಲಿಯೊ ಮಾಡಿಸಿದರೆ ಇಷ್ಟು ಎಂದು ಮುಂಗಡವನ್ನು ಕೇಳುವವರು ಮಾರುತ್ತಿರುವುದು ಪೋರ್ಟ್‌ಫೋಲಿಯೊವನ್ನೇ ಹೊರತು ಕೆಲಸವನ್ನಲ್ಲ. ಹಣವನ್ನು ಫೋನಿನ ಮೂಲಕ ಕಳಿಸಿ ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಏಜೆನ್ಸಿಯವರು ಮೊದಲು ನೋಡಬಯಸುವುದು ಊರಿನಲ್ಲಿ ಸಾವಿರಗಟ್ಟಲೆ ತೆತ್ತು ಮಾಡಿಸಿದ, ಹೂಬಳ್ಳಿಯ ಅಂಚಿನ, ಹೊಳಪಿನ ಆಲ್ಬಮ್ಮನ್ನಲ್ಲ. ಮೇಕಪ್ಪಿಲ್ಲದೆ, ಸಾದಾ ಉಡುಪಿನಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆದ ಎದುರುಮುಖ, ಪಕ್ಕಮುಖ, ಪೂರ್ಣಾಕೃತಿಗಳ ನಾಲ್ಕೈದು ಚಿತ್ರಗಳು ಸಾಕು. ಮನೆಯ ಮೊಬೈಲಿನಲ್ಲಿ ಅಣ್ಣನೋ ಅಕ್ಕನೋ ತೆಗೆದರೂ ಆದೀತು. ಅದರ ಜೊತೆಗೆ ಕಳಿಸುವ ಎತ್ತರದ ಅಳತೆಯನ್ನು ಚಪ್ಪಲಿ ಕಳಚಿ ಅಳೆದು ಬರೆಯಬೇಕು. ಎರಡಂಗುಲ ಸೇರಿಸಿ ಬರೆದವರನ್ನು ಅಲ್ಲಿ ಬಾಗಿಲಲ್ಲಿಯೇ ಗೋಡೆಗೆ ಒರಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯುತ್ತಾರೆ.